ಮಧ್ಯಾಹ್ನದ ಪಹರೆ ಮತ್ತು ಶರೀಫಾಬಿಯ ಡಬ್ಬಿ

ಆಳಂದದಲ್ಲಿ ಹಳೆಯ ಎಣ್ಣೆ ಗಾಣದ ಪಕ್ಕದ ಸಂದಿಯಲ್ಲಿ ಶರೀಫಾಬಿಯ ಮೈಕಿನ ಅಂಗಡಿ. ಅಂಗಡಿ ಎಂದರೆ ಒಂದು ಶಟರು. ಒಳಗೆ ಎಂಟು ಸ್ಪೀಕರ್ ಡಬ್ಬಿ, ನಾಲ್ಕು ಹಾರ್ನು, ಗೂಟಕ್ಕೆ ತೂಗುಬಿದ್ದ ವೈರಿನ ಸುರುಳಿಗಳು. ಹೊರಗೆ ಮೂರು ಗಾಲಿಯ ಟಂಟಂ. ಗಾಡಿ ಓಡಿಸುವವಳು ಅವಳೇ. ಐವತ್ತು ದಾಟಿದ ಹೆಂಗಸು ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಎಲೆ ಅಡಿಕೆ ದವಡೆಗಿಟ್ಟು, ಗಾಡಿಯ ಹಾರ್ನು ಮುಟ್ಟದೆ ಬರೀ ಬಾಯಿಯಿಂದಲೇ ದಾರಿ ಬಿಡಿಸಿಕೊಂಡು ಹೋಗುವುದನ್ನು ಪೇಟೆಯವರು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದಾರೆ.

ಅವಳ ಮೈಕಿಗೆ ಪಕ್ಷ ಇಲ್ಲ. ತೊಗರಿಗೆ ನ್ಯಾಯದ ಬೆಲೆ ಕೊಡಿ ಎಂದು ತಹಶೀಲ ಕಚೇರಿಯ ಮುಂದೆ ಕೂತವರ ಕೂಗೂ ಅದರಲ್ಲೇ ಬಂತು. ಹಾಗೆ ಕೂತವರಿಗೆ ಸಮಾಧಾನ ಹೇಳಿ ಎಬ್ಬಿಸಿ ಕಳಿಸಿದ ಮುಖಂಡರ ಹುಟ್ಟುಹಬ್ಬದ ಹಾಡೂ ಅದರಲ್ಲೇ ಬಂತು. ಯಾರಾದರೂ ಕೆಣಕಿದರೆ, "ಮೈಕಿಗೇನ್ ನಾಲಿಗಿ ಅದೇನ್ರಿ? ನಾಲಿಗಿ ನಿಮ್ದು, ದನಿ ಅಷ್ಟ ನಂದು," ಎನ್ನುತ್ತಾಳೆ. ಧರಣಿಯವರಿಗೆ ಮಾತ್ರ ಹೇಳಿದ್ದಕ್ಕಿಂತ ಒಂದು ಹಾರ್ನು ಹೆಚ್ಚು ಕಟ್ಟುತ್ತಾಳೆ ಎಂಬುದು ಧರಣಿಗೆ ಕೂತವರಿಗೆಲ್ಲ ಗೊತ್ತು. ಅವಳು ಒಪ್ಪಿಕೊಂಡಿಲ್ಲ.

ಈ ಧಂದೆ ಮೊದಲು ಅವಳ ಗಂಡ ಯಾಸೀನನದಾಗಿತ್ತು. ಇಪ್ಪತ್ತೈದು ವರ್ಷ ಹಾರ್ನಿನ ಬಾಯಿಗೇ ಕಿವಿ ಕೊಟ್ಟು ನಿಂತವನ ಕಿವಿ ಎಷ್ಟು ದಿನ ಉಳಿದೀತು? ಒಂದು ಲಗ್ನದಲ್ಲಿ ಮೈಕು ಕುಂಯ್ಯೋ ಎಂದು ಹತ್ತು ನಿಮಿಷ ಊಳಿಟ್ಟಿತು. ಜನ ಕಿವಿ ಮುಚ್ಚಿಕೊಂಡು ಬೈಯುತ್ತಿದ್ದರೆ, ಯಾಸೀನ ಆಂಪ್ಲಿಫೈಯರ್ ಮುಂದೆ ನಗುನಗುತ್ತ ಕೂತಿದ್ದ. ಹೆಂಗಸರ ಸಾಲಿನಲ್ಲಿ ಉಣ್ಣುತ್ತಿದ್ದ ಶರೀಫಾಬಿ ಎಂಜಲು ಕೈಯಲ್ಲೇ ಎದ್ದು ಬಂದು ಎಡಗೈಯಿಂದ ಗುಂಡಿ ತಿರುವಿದಳು. ಅವತ್ತಿನಿಂದ ಗುಂಡಿ ಅವಳದು, ಹೊರೆ ಅವನದು. ಆದರೂ ಯಾಸೀನನನ್ನು ದಂಡಕ್ಕೆ ಬಿದ್ದವನೆಂದು ತಿಳಿಯಬಾರದು. ಹಾಡುವ ಡಬ್ಬಿಯ ಮೇಲೆ ಅಂಗೈ ಇಟ್ಟನೆಂದರೆ ಯಾವುದರ ಪರದೆ ಹರಿದಿದೆ, ಯಾವುದರ ವೈರು ಸಡಿಲಾಗಿದೆ ಎಂದು ಬೆರಳಿನಲ್ಲೇ ತೋರಿಸುತ್ತಾನೆ.

ಇಂಥ ಗಂಡ ಹೆಂಡತಿ ಪ್ರತಿ ಶ್ರಾವಣಕ್ಕೆ ಟಂಟಂ ತುಂಬಿಕೊಂಡು ನರೋಣಾಕ್ಕೆ ಹೋಗುತ್ತಾರೆ. ಅಲ್ಲಿ ಬಸವಣ್ಣನ ಗುಡಿಯಲ್ಲಿ ಏಳು ದಿನದ ಅಖಂಡ ಭಜನೆ. ಹಗಲು ರಾತ್ರಿ ಮೂರು ಮೂರು ತಾಸಿಗೆ ಒಂದು ಪಹರೆ. ಒಂದೊಂದು ಓಣಿಯವರಿಗೆ ಒಂದೊಂದು ಪಹರೆ. ಅವರು ಕೂತು ಶಿವನಾಮ ಹಾಡುತ್ತಾರೆ, ತಾಳ ಬಡಿಯುತ್ತಾರೆ. ದನಿ ಒಡೆದರೂ ನಡೆಯುತ್ತದೆ, ಪದ ತಪ್ಪಿದರೂ ನಡೆಯುತ್ತದೆ, ತಾಳ ಮಾತ್ರ ನಿಲ್ಲಬಾರದು. ಪಹರೆ ಬದಲಾಗುವಾಗ ಹೊಸಬರು ಬಂದು ಪಕ್ಕದಲ್ಲಿ ಕೂತು, ತಮ್ಮ ಜೋಡಿ ತಾಳವನ್ನು ಹಳಬರ ಏಟಿನ ಜೊತೆಗೇ ಬಡಿಯತೊಡಗಬೇಕು. ಎರಡೂ ಒಂದಾಗಿ ಕೂಡಿದ ಮೇಲೆಯೇ ಹಳಬರು ಕೈ ತೆಗೆಯಬೇಕು. ಏಳು ದಿನದೊಳಗೆ ಒಂದೇ ಒಂದು ಏಟು ಜಾರಿದರೂ ಅಲ್ಲಿಯವರೆಗಿನ ಭಜನೆ ಲೆಕ್ಕಕ್ಕಿಲ್ಲ. ಮತ್ತೆ ಒಂದನೆಯ ದಿನದಿಂದ ಶುರು. ಇದನ್ನು ಕಾಯುವ ಕೆಲಸ ರೇವಣಪ್ಪನದು. ಕೆಳಗಿನ ಓಣಿಯ ಈ ಎಪ್ಪತ್ತಾರರ ಮುದುಕ ಪರರ ಹೊಲದಲ್ಲಿ ದುಡಿದೇ ಬೆನ್ನು ಬಾಗಿದವನು. ಹೊಲ ಇಲ್ಲ, ಹುದ್ದೆ ಇಲ್ಲ. ತಾಳದ ವಿಷಯಕ್ಕೆ ಬಂದರೆ ಮಾತ್ರ ಊರ ಗೌಡನನ್ನೂ ಗದರುತ್ತಾನೆ.

ಪಹರೆ ಹಂಚುವುದರಲ್ಲಿ ಒಂದು ಜಾಣತನ ಇತ್ತು. ಮುಂಜಾನೆಯ ತಂಪು ಮತ್ತು ಸಂಜೆಯ ಜನಸಂದಣಿ ದೊಡ್ಡ ಮನೆಗಳ ಪಾಲು. ಬಿಸಿಲು ತಗಡಿನ ಮೇಲೆ ಕೂತು ಗುಡಿಯ ಅಂಗಳ ಬೇಯುವ ಮಧ್ಯಾಹ್ನದ ಪಹರೆ ಯಾವಾಗಲೂ ಕೆಳಗಿನ ಓಣಿಯದು. ಯಾರೂ ಬರೆದಿಟ್ಟ ನಿಯಮವಲ್ಲ. ಯಾರೂ ಬರೆಯದ ನಿಯಮಗಳೇ ಗಟ್ಟಿ ಬಾಳುತ್ತವೆ.

ಈ ಸಲದ ಶ್ರಾವಣದಲ್ಲಿ ಅದು ಕೈಕೊಟ್ಟಿತು. ಭಜನೆ ಕೂತ ಎರಡನೆಯ ದಿನಕ್ಕೆ ಹೊಲದಲ್ಲಿ ಹೆಸರಿನ ಕಾಯಿ ಕರ್ರಗಾಗಿ ಬಿರಿಯುವ ಹಾಗೆ ನಿಂತಿತ್ತು. ಪಡುವಣಕ್ಕೆ ಮೋಡ. ಕೂಲಿ ಹೆಂಗಸರ ಗುಂಪಿಗೆ ಮುಂದಾಳಾದ ಹಣಮವ್ವ ಗುಡಿಯ ಕಟ್ಟೆಗೆ ಬಂದು, ಭಜನೆಯ ಹಿರಿಯ ದೌಲತರಾಯನ ಮುಂದೆ ನಿಂತಳು.

"ನಾಳಿಂದ ಮಧ್ಯಾಹ್ನ ನಮ್ಮ ಓಣ್ಯಾಗ ಒಂದ ನರಪಿಳ್ಳೀನೂ ಸಿಗಂಗಿಲ್ರಿ. ಒಂದ ಮಳಿ ಬಿತ್ತಂದ್ರ ಕಾಯಾಗ ಮೊಳಕಿ ಒಡೀತಾವ."

"ಏನ್ಬೇ, ದೇವರ ಭಜನಿ ಬಿಟ್ಟು ಹೋಗ್ತೀರಿ?" ಎಂದ ದೌಲತರಾಯ. ನಲವತ್ತು ಎಕರೆಯ ಧಣಿ, ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ.

"ಹೊಲ ನಿಮ್ದ ಅದರಿ ಧಣೇರ. ನೀವ ಹೇಳ್ರಿ. ಭಜನಿಗಿ ಕೂಡೋಣೊ, ನಿಮ್ಮ ಹೊಲದಾಗ ಕಾಯಿ ಹರ್ಯೋಣೊ?"

ದೌಲತರಾಯ ಮೋಡದ ಕಡೆ ನೋಡಿದ. ಗುಡಿಯ ಕಡೆ ನೋಡಿದ. ಕಡೆಗೆ ಅವನ ಕಣ್ಣು ಕಂಬಕ್ಕೆ ವೈರು ಕಟ್ಟುತ್ತಿದ್ದ ಶರೀಫಾಬಿಯ ಮೇಲೆ ಬಿತ್ತು.

"ಶರೀಫಾ, ಹ್ವಾದ ವರ್ಷ ನೀ ಭಜನಿ ತುಂಬ್ಕೊಂಡಿದ್ದೆಲ್ಲ?"

ತುಂಬಿಕೊಂಡದ್ದು ಹೌದು. ಹಿಂದಿನ ವರ್ಷ ಅವಳು ಅಂಗೈಯಗಲದ ಒಂದು ರೆಕಾರ್ಡರ್ ತಂದಿದ್ದಳು. ಇದೇ ಕೆಳಗಿನ ಓಣಿಯವರ ಮೂರು ತಾಸಿನ ಪಹರೆಯನ್ನು ಪೂರ್ತಿ ತುಂಬಿಸಿಕೊಂಡಿದ್ದಳು. ಯಾಕೆಂದು ಯಾರೂ ಕೇಳಿರಲಿಲ್ಲ. ಆ ಹೆಂಗಸರ ಹಾಡು ಅವಳಿಗೆ ಸೇರುತ್ತಿತ್ತು, ಅಷ್ಟೆ.

"ಮತ್ತೇನು! ಅದನ್ನ ಹಚ್ಚು ಮಧ್ಯಾಹ್ನಕ್ಕ. ಅವರದ ದನಿ, ಅವರದ ತಾಳ. ಅವರು ಹೊಲದಾಗೂ ಇರ್ತಾರ, ಗುಡ್ಯಾಗೂ ಇರ್ತಾರ," ಎಂದ ದೌಲತರಾಯ, ತನ್ನ ಬುದ್ಧಿಗೆ ತಾನೇ ಬೆರಗಾಗಿ.

ರೇವಣಪ್ಪ ಕಂಬಕ್ಕೆ ಒರಗಿ ಕೂತವನು ಗುರ್ರೆಂದ. "ಡಬ್ಬಿ ಭಜನಿ! ನಾಳಿಗಿ ಡಬ್ಬ್ಯಾಗ ಉಂಡು ಡಬ್ಬ್ಯಾಗ ಹೇಲ್ರಿ."

ಒಂದು ತಾಸು ವಾದವಾಯಿತು. ಕಡೆಗೆ ರೇವಣಪ್ಪ ಒಪ್ಪಿದ್ದು ತಾಳದ ನಿಯಮದ ಮೇಲೆಯೇ. ಡಬ್ಬಿ ಹಾಡಲಿ, ಆದರೆ ಪಹರೆ ತೆಗೆದುಕೊಳ್ಳುವಾಗಲೂ ಬಿಡುವಾಗಲೂ ಮನುಷ್ಯರ ಏಟಿನ ಜೊತೆ ಅದರ ಏಟು ಕೂಡಬೇಕು, ನಡುವೆ ಒಂದು ಏಟೂ ಜಾರಬಾರದು. ದೌಲತರಾಯ ಇದಕ್ಕೆ ತನ್ನದೊಂದು ಬಾಲ ಹಚ್ಚಿದ: "ಜಾರಿತಂದ್ರ ಶರೀಫಾ, ಮುಂದಿನ ವರ್ಷದಿಂದ ಈ ಗುಡಿಗಿ ನಿನ್ನ ಮೈಕ ಇಲ್ಲ. ಬರೋಬರಿ ತಿಳ್ಕೊ."

ಶರೀಫಾಬಿ, "ಆತ್ರಿ," ಎಂದಳು.

ಒಳಗೆ ಮಾತ್ರ ಅಷ್ಟು ಸಲೀಸಾಗಿರಲಿಲ್ಲ. ಆ ರೆಕಾರ್ಡರು ಅರ್ಧ ತಾಸಿಗೆ ಒಂದರಂತೆ ತಾನೇ ತುಂಡು ಮಾಡಿ ಇಡುತ್ತದೆ. ಮೂರು ತಾಸಿಗೆ ಆರು ತುಂಡು, ಐದು ಸಂದು. ಆ ದೊಡ್ಡ ತುಂಡುಗಳನ್ನು, ಮೆಮೊರಿ ಕಾರ್ಡು ಹಾಕಿ ಹಾಡಿಸುವ ಅವಳ ಡಬ್ಬಿ ಓದುವುದಿಲ್ಲ. ಅದಕ್ಕೆ ಒತ್ತಿ ಚಿಕ್ಕದು ಮಾಡಿದ ಎಂಪಿತ್ರೀ ಬೇಕು. ಹಾಗಾಗಿ ಒಂದೊಂದನ್ನೂ ಬೇರೆ ಬೇರೆ ಒತ್ತಿ, ಕಾರ್ಡಿಗೆ ಸಾಲಾಗಿ ಇಳಿಸಿದ್ದಳು. ಮನೆಯಲ್ಲಿ ಕೇಳುವಾಗ ಒಂದು ತುಂಡು ಮುಗಿದು ಇನ್ನೊಂದು ಹತ್ತುವ ನಡುವೆ ಕಣ್ಣು ಮಿಟುಕಿಸುವಷ್ಟು ಖಾಲಿ ಬಂದದ್ದು ಅವಳಿಗೆ ಗೊತ್ತಿತ್ತು. ಲಗ್ನದಲ್ಲಿ ಹಾಡಿಗೂ ಹಾಡಿಗೂ ನಡುವೆ ಇಂಥ ಖಾಲಿ ಎಷ್ಟೋ ಬರುತ್ತದೆ, ಯಾರು ಕೇಳುತ್ತಾರೆ? ಮಧ್ಯಾಹ್ನ ಗುಡಿಯಲ್ಲಿ ಯಾರಿರುತ್ತಾರೆ? ಹೀಗೆ ತನಗೆ ತಾನೇ ಹೇಳಿಕೊಂಡು ಅವಳು ಮೂರನೆಯ ದಿನ ಹನ್ನೆರಡಕ್ಕೆ ಡಬ್ಬಿಯ ಮುಂದೆ ಕೂತಳು.

ಪಹರೆ ತೆಗೆದುಕೊಳ್ಳುವುದು ಚೆಂದವಾಗಿಯೇ ಆಯಿತು. ರೇವಣಪ್ಪನ ಕೈಯ ಏಟನ್ನು ನಾಲ್ಕು ಸುತ್ತು ಎಣಿಸಿ, ಐದನೆಯದಕ್ಕೆ ಸರಿಯಾಗಿ ಅವಳು ಗುಂಡಿ ಒತ್ತಿದಳು. ಡಬ್ಬಿಯ ತಾಳ ಮುದುಕನ ತಾಳದ ಮೇಲೆ, ಕೂಸಿನ ತಲೆಗೆ ಕುಂಚಿಗೆ ಕೂತಂತೆ ಕೂತಿತು. ಮುದುಕ ಕೈ ತೆಗೆದ. ಹಿಂದಿನ ವರ್ಷದ ಹೆಂಗಸರು ಗಂಟಲು ಬಿಚ್ಚಿ ಹಾಡಿದರು. ಅದೇ ಹೆಂಗಸರು ಆ ಹೊತ್ತಿನಲ್ಲಿ ದೌಲತರಾಯನ ಹೊಲದಲ್ಲಿ ಬಗ್ಗಿ ಕಾಯಿ ಹರಿಯುತ್ತಿದ್ದರು. ರೇವಣಪ್ಪ ಕಣ್ಣು ಮುಚ್ಚಿದ. ಯಾಸೀನ ಡಬ್ಬಿಯ ಮೇಲೆ ಅಂಗೈ ಊರಿ ಕೂತ. ಗುಡಿಯಲ್ಲಿ ಇನ್ನಾರೂ ಇರಲಿಲ್ಲ.

ಅರ್ಧ ತಾಸಿಗೆ ಮೊದಲ ಸಂದು ಬಂತು. ತಾಳ ಒಂದು ಏಟು ನುಂಗಿತು.

ಯಾಸೀನ ಅಂಗೈ ಎತ್ತಿ ಹೆಂಡತಿಯ ಮುಖ ನೋಡಿದ. ರೇವಣಪ್ಪ ಕಣ್ಣು ತೆರೆದ. ಪಕ್ಕದಲ್ಲಿದ್ದ ತಾಳ ಎತ್ತಿಕೊಂಡು ಡಬ್ಬಿಯ ಜೊತೆ ಬಡಿಯತೊಡಗಿದ. ಮುಂದಿನ ನಾಲ್ಕು ಸಂದುಗಳಲ್ಲೂ ಅವನ ಕೈ ಇತ್ತು. ಎರಡೂವರೆ ತಾಸು ಒಬ್ಬನೇ ಬಡಿದ. ಶರೀಫಾಬಿ ಎರಡು ಸಲ ಎದ್ದು ಹೋಗಿ ಅವನ ಬಾಯಿಗೆ ನೀರು ಹಿಡಿದಳು. ಕುಡಿದ. ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಸಂಜೆ ಹೊಲದಿಂದ ಜನ ಬಂದರು. ಪಹರೆಯವರು ಒಳಗೆ ಹಾಡುತ್ತಿದ್ದರೆ ರೇವಣಪ್ಪ ಹೊರಗಿನ ಕಟ್ಟೆಯ ಮೇಲೆ ನಿಂತು ಎರಡೇ ಮಾತು ಹೇಳಿದ. "ತಾಳ ಜಾರೇದ. ಮೂರ ದಿನದ್ದು ಲೆಕ್ಕಕ್ಕಿಲ್ಲ."

ಕಟ್ಟೆಯ ಮೇಲಿದ್ದವರು ಮುಖ ಮುಖ ನೋಡಿಕೊಂಡರು. ಭಜನೆ ಇನ್ನೂ ಮೂರು ದಿನ ಬೆಳೆದರೆ ಹಗಲು ಹೊಲ, ರಾತ್ರಿ ಗುಡಿ. ಯಾರ ಮೈಯಲ್ಲೂ ಅಷ್ಟು ಕಸುವಿರಲಿಲ್ಲ. ದೌಲತರಾಯ ನಕ್ಕ. "ಮುತ್ಯಾ, ನಿನ್ನ ಕಿವ್ಯಾಗ ಕರದ್ರ ಕೇಳಂಗಿಲ್ಲ, ಒಂದ ಏಟ ಜಾರಿದ್ದ ಕೇಳ್ತೇನು?"

ಜನ ನಕ್ಕರು. ಮುದುಕನ ಕಿವಿ ಮಂದವೆಂಬುದು ಊರಿಗೇ ಗೊತ್ತು. "ಮಾತು ಕೇಳಂಗಿಲ್ಲ. ತಾಳ ಕೇಳ್ತಾದ," ಎಂದ ರೇವಣಪ್ಪ. ಅದಕ್ಕೂ ನಕ್ಕರು.

"ಅಲ್ಲಿ ಇದ್ದವರು ಮೂರ ಮಂದಿ. ಯಾಸೀನಂದಂತೂ ಕೇಳೋದ ಬ್ಯಾಡ," ಎಂದು ದೌಲತರಾಯ ಶರೀಫಾಬಿಯ ಕಡೆ ತಿರುಗಿದ. "ನೀ ಹೇಳಬೇ. ಜಾರೇದೇನು?"

ಕೇಳಿದ ರೀತಿಯಲ್ಲೇ ಉತ್ತರ ಇತ್ತು. ಇಲ್ಲ ಎಂದು ತಲೆ ಅಲ್ಲಾಡಿಸಿದರೆ ಸಾಕು. ಊರು ಮನೆಗೆ ಹೋಗಿ ಉಣ್ಣುತ್ತದೆ, ಅವಳ ಮೈಕು ಮುಂದಿನ ಶ್ರಾವಣಕ್ಕೂ ಬರುತ್ತದೆ, ಮುದುಕನ ಕಿವಿ ಹೋಯಿತೆಂದು ಎಲ್ಲರೂ ಒಪ್ಪುತ್ತಾರೆ. ಕಿವಿ ಹೋದವನನ್ನು ತಾಳ ಕಾಯಲು ಯಾರು ಕೂರಿಸುತ್ತಾರೆ? ಅವನಿಗೆ ಊರಿನಲ್ಲಿ ಇದ್ದದ್ದು ಅದೊಂದೇ ಜಾಗ. ಶರೀಫಾಬಿಯ ಮನೆಯಲ್ಲಿ ಕಿವಿ ಹೋದವನೊಬ್ಬ ಆಗಲೇ ಇದ್ದ. ಕಿವಿ ಹೋದದ್ದಕ್ಕಿಂತ, ಹೋಯಿತೆಂದು ಜನ ನಗುವುದು ಎಷ್ಟು ಕೊರೆಯುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವಳು ಎಲೆ ಅಡಿಕೆ ಉಗಿದು ಬಂದಳು.

"ಜಾರೇದರಿ," ಎಂದಳು. "ಒಂದಲ್ಲ, ಐದ ಸಲ ಜಾರೇದ. ಮೊದಲ್ದ ಒಂದು ಖಾಲಿ ಹೋತು. ಉಳಿದ ನಾಕೂ ಮುತ್ಯಾ ಹಿಡದಾನ. ಹಿಂಗ ಆಗ್ತಾದಂತ ನಂಗ ಮೊದಲ ಮಾಲೂಮ ಇತ್ತು. ಯಾರ ಕೇಳ್ತಾರ ಅಂತ ಸುಮ್ನಾದೆ. ತಪ್ಪು ನಂದು."

ದೌಲತರಾಯನ ಮುಖ ಕಪ್ಪಿಟ್ಟಿತು. "ಹೌದಾ? ಹಂಗಿದ್ರ ಬಿಚ್ಚು ನಿನ್ನ ಡಬ್ಬಿ. ನಾ ಕಲಬುರಗಿಯಿಂದ ಬ್ಯಾರೇ ತರಸ್ತೇನಿ."

"ತರಸ್ರಿ," ಎಂದ ರೇವಣಪ್ಪ. "ಖರೇ ಹೇಳಿದಾಕಿನ್ನ ಕಳಸಿ, ಸುಳ್ಳ ಹೇಳಾವ್ನ ತರಸ್ರಿ. ತಾಳ ಅವನ ಕೈಯಾಗ ಕೊಡ್ರಿ, ನಾ ಮನೀಗಿ ಹೋಗ್ತೇನಿ."

ಯಾರೂ ನಗಲಿಲ್ಲ. ಹಣಮವ್ವ ಸೆರಗು ಬಿಗಿದು ನಡುವೆ ಬಂದಳು. "ಲೆಕ್ಕ ಇವತ್ತಿನ ಸಂಜಿಂದ ಹಿಡೀರಿ, ಬಿಡ್ರಿ. ಆದ್ರ ನಾಳಿ ಮಧ್ಯಾಹ್ನ ನಾವು ಹೊಲದಾಗ ಇರ್ತೀವಿ. ಡಬ್ಬಿ ದುರಸ್ತಿ ಆಗೂತನ ಮಧ್ಯಾಹ್ನದ ಪಹರೆ ಮನ್ಯಾಗ ಖಾಲಿ ಇದ್ದವರು ಕೂಡಬೇಕು."

ಆ ಹೊತ್ತಿನಲ್ಲಿ ನರೋಣಾದಲ್ಲಿ ಮಧ್ಯಾಹ್ನ ಮನೆಯಲ್ಲಿ ಖಾಲಿ ಇರುವವರು ಯಾರು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರ ಕಣ್ಣೂ ದೌಲತರಾಯ ಮತ್ತು ಅವನ ಇಬ್ಬರು ತಮ್ಮಂದಿರ ಮೇಲೆ ಹೋದವು.

ಮರುದಿನ ಬೆಳಕು ಹರಿದ ಮೇಲೆ ಶರೀಫಾಬಿ ಗುಡಿಯ ಹಿಂದಿನ ಬೇವಿನ ಬುಡದಲ್ಲಿ ಕೂತು ಮೊದಲು ತನಗೆ ತಿಳಿದ ಉಪಾಯ ಮಾಡಿದಳು. ಮೊಬೈಲಿನಲ್ಲೇ ಆರು ತುಂಡುಗಳನ್ನು ಒಂದರ ಬಾಲಕ್ಕೆ ಒಂದು ಹೊಲಿದು ಒಂದೇ ಫೈಲು ಮಾಡಿದಳು. ಡಬ್ಬಿ ಇನ್ನು ನಡುವೆ ಬಾಗಿಲು ಮುಚ್ಚಿ ತೆರೆಯುವುದಿಲ್ಲವಲ್ಲ, ಖಾಲಿ ಎಲ್ಲಿಂದ ಬಂದೀತು? ಬಿಡುವಿನ ಡಬ್ಬಿಯೊಂದಕ್ಕೆ ಹಚ್ಚಿ, ಸಂದಿನ ಹತ್ತಿರಕ್ಕೆ ಓಡಿಸಿ, ಯಾಸೀನನ ಅಂಗೈ ಹಿಡಿದು ಅದರ ಮೇಲೆ ಇಟ್ಟಳು. ಸಂದು ಬಂದದ್ದೇ ಅವನು ಬೆರಳೆತ್ತಿದ. ಎರಡನೆಯ ಸಂದಿಗೂ ಎತ್ತಿದ. ಖಾಲಿ ಚಿಕ್ಕದಾಗಿತ್ತು, ಹೋಗಿರಲಿಲ್ಲ. ತಾಳ ಅಲ್ಲಿ ಕುಂಟುತ್ತಿತ್ತು.

"ನಿನ್ನ ಕೈಗಿ ಹಾವ್ ಕಡೀಲಿ," ಎಂದು ಬೈದಳು. ಅವಳ ತುಟಿ ಓದಿದ ಯಾಸೀನ ನಕ್ಕು ಮೂರನೆಯದಕ್ಕೂ ಬೆರಳೆತ್ತಿದ.

ಮೈಕಿನ ಕೆಂಪು ದೀಪ ಆರದಂತೆ ಕಾಯಲು ಅವನನ್ನು ಬಿಟ್ಟು, ಅವಳು ಟಂಟಂ ತಿರುಗಿಸಿಕೊಂಡು ಆಳಂದಕ್ಕೆ ಬಂದಳು. ಅಲ್ಲಿ ಪಹಣಿ, ಅರ್ಜಿ, ಆಧಾರಿನ ತಿದ್ದುಪಡಿ ಎಂದು ಇಡೀ ದಿನ ಕಂಪ್ಯೂಟರಿನ ಮುಂದೆ ಕೂಡುವ ಭುವನೇಶ್ವರಿ ಇದ್ದಾಳೆ. ಜೇವರ್ಗಿ ಕಡೆಯ ನೆಲೋಗಿಯಿಂದ ಲಗ್ನವಾಗಿ ಬಂದವಳು. ಯಾರ ಮೇಲೂ ರೇಗದೆ ಸರಕಾರಿ ಸರ್ವರಿನ ಮೇಲೆ ಮಾತ್ರ ರೇಗುವವಳು. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದು ಸಂದು ಕೇಳಿ, ತೆಗೆದು ಕೆಳಗಿಟ್ಟಳು.

"ಆಪಾ, ನೀವು ಚೀಲ ತುಂಬಿಸೋದು ನೋಡೀರಿಲ್ಲ? ಎಂಪಿತ್ರೀ ಮಾಡೋ ಪ್ರೋಗ್ರಾಮಿಗಿ ಒಂದ ಅಳತಿ ಚೀಲ ಅದ. ಹಾಡೆಲ್ಲಾ ಅಂಥಾ ಸಣ್ಣ ಸಣ್ಣ ಚೀಲದಾಗ ತುಂಬತಾದ. ಕಡೀ ಚೀಲ ಅರ್ಧಾ ಉಳೀತಂದ್ರ ಅರ್ಧಾ ಅಂತ ಬಿಡಂಗಿಲ್ಲ, ಹೊಟ್ಟು ತುರಕಿ ಬಾಯಿ ಹೊಲೀತಾದ. ಆ ಹೊಟ್ಟು ಅಂದ್ರ ಮೌನ. ಮೊದಲ್ನೇ ಚೀಲದ ಬಾಯಾಗೂ ಜರಾ ಹೊಟ್ಟು. ನೀವು ಆರೂ ತುಂಡು ಬ್ಯಾರೇ ಬ್ಯಾರೇ ತುಂಬೀರಿ. ಈಗ ಜೋಡಿಸಿದ್ರ ನಡುವಿನ ಹೊಟ್ಟು ಎಲ್ಲಿ ಹೋಗ್ತಾದ?"

"ಎಲ್ಲಾ ಮಷೀನೂ ಹಿಂಗೇನು?"

"ಶ್ಯಾಣೇ ಪ್ಲೇಯರ್ ಇದ್ರ, ಎಷ್ಟ ಹೊಟ್ಟು ಅದ ಅಂತ ಚೀಟಿ ಓದಿ ಝಾಡಿಸಿ ಬಿಡ್ತಾದ. ಮುಂದಿನ ಫೈಲನ್ನೂ ಮೊದಲ ತೆರದ ಇಟ್ಕೊಂಡಿರ್ತಾದ. ನಿಮ್ಮ ಡಬ್ಬಿಗಿ ಆ ಚೀಟಿ ಓದಾಕ ಬರಂಗಿಲ್ಲ."

"ನಂಗೂ ಬರಂಗಿಲ್ಲ," ಎಂದಳು ಶರೀಫಾಬಿ. "ಅದಕ್ಕ ಇಬ್ರೂ ಇಷ್ಟ ದಿನ ಕೂಡಿ ಬಾಳ್ವಿ ಮಾಡೀವಿ. ಈಗ ದಾರಿ ಹೇಳು."

ದಾರಿ ಒಂದೇ ಇತ್ತು. ಒತ್ತುವ ಮೊದಲಿನ ಹಸಿ ತುಂಡುಗಳು ಬೇಕು. ಅವುಗಳನ್ನು ರೆಕಾರ್ಡರು ಕತ್ತರಿಸಿದ್ದು ನಿಜ, ಆದರೆ ಒಂದು ಕೂದಲೆಳೆಯನ್ನೂ ಬೀಳಿಸದೆ ಕತ್ತರಿಸಿತ್ತು. ಹಸಿಯಲ್ಲೇ ಅಂಚಿಗೆ ಅಂಚು ಕೂಡಿಸಿ, ಪೂರ್ತಿ ಮೂರು ತಾಸನ್ನು ಒಂದೇ ಸಲ ಒತ್ತಿದರೆ ಹೊಟ್ಟು ಬೀಳುವುದು ತಲೆಗೊಂದು, ಬಾಲಕ್ಕೊಂದು. ನಡುವೆ ಎಲ್ಲೂ ಇಲ್ಲ. ಶರೀಫಾಬಿ ಅಂಗಡಿಯ ಶಟರು ಎತ್ತಿ, ಸೂಜಿ, ಗುಂಡಿ, ಹಳೆಯ ಕಾರ್ಡು ಎಲ್ಲ ಒಟ್ಟಿಗೆ ಇಡುವ ಬಿಸ್ಕೀಟಿನ ಡಬ್ಬಿಯನ್ನು ನೆಲಕ್ಕೆ ಸುರುವಿ ಹುಡುಕಿದಳು. ಬಳಸಿದ ಕಾರ್ಡನ್ನು ಅಳಿಸುವ ಅಭ್ಯಾಸ ಅವಳಿಗಿಲ್ಲ. ಜನ ಅದನ್ನು ದಡ್ಡತನವೆಂದರೂ ಅವಳು ಸೋಮಾರಿತನವೆಂದು ಒಪ್ಪಿಕೊಳ್ಳುತ್ತಾಳೆ. ಹನ್ನೊಂದನೆಯ ಕಾರ್ಡಿನಲ್ಲಿ ಕೆಳಗಿನ ಓಣಿಯ ಹೆಂಗಸರು ಸಿಕ್ಕರು.

ಭುವನೇಶ್ವರಿಯ ಕಂಪ್ಯೂಟರಿಗೆ ವಯಸ್ಸಾಗಿತ್ತು. ಅಂಚು ಕೂಡಿಸುವಾಗ ಎರಡು ಸಲ ಕರೆಂಟು ಹೋಯಿತು, ಒಂದು ಸಲ ಕಂಪ್ಯೂಟರೇ ಮುನಿಸಿಕೊಂಡು ನಿಂತಿತು. ಪಹಣಿಗೆ ಬಂದವರು ಬಾಗಿಲಲ್ಲಿ ಗೊಣಗುತ್ತಿದ್ದರು. "ಏನ್ ನಡಸೀರಿ ಒಳಗ?" ಎಂದು ಒಬ್ಬ ಕೇಳಿದ. "ತಾಳ ಹೊಲ್ಯಾಕತ್ತೀವಿ. ನಿಂತ್ಕೋ," ಎಂದಳು ಶರೀಫಾಬಿ. ಆ ದಿನ ಮುಗಿಯಲಿಲ್ಲ. ಮರುದಿನ ಹನ್ನೊಂದಕ್ಕೆ ಕಾರ್ಡು ಅವಳ ಕೈಗೆ ಬಂತು.

ಅವಳು ನರೋಣಾ ಮುಟ್ಟಿದಾಗ ಮಧ್ಯಾಹ್ನ ಒಂದು ದಾಟಿತ್ತು. ಗುಡಿಯೊಳಗೆ ಕಂಡ ದೃಶ್ಯಕ್ಕೆ ಅವಳು ಟಂಟಂ ಆರಿಸುವುದನ್ನೂ ಮರೆತಳು. ದೌಲತರಾಯ ಅಂಗಿ ಬಿಚ್ಚಿ ಬರೀ ಬನಿಯನ್ನಿನಲ್ಲಿ ಕೂತಿದ್ದ. ಎರಡೂ ಅಂಗೈಗೆ ಅರಿವೆ ಸುತ್ತಿಕೊಂಡು ತಾಳ ಬಡಿಯುತ್ತಿದ್ದ. ತಮ್ಮಂದಿರಲ್ಲಿ ಒಬ್ಬನ ದನಿ ಹೂತುಹೋಗಿತ್ತು; ಇನ್ನೊಬ್ಬ ತೂಕಡಿಸುತ್ತಿದ್ದ, ತೂಕಡಿಸಿದಾಗಲೆಲ್ಲ ರೇವಣಪ್ಪ ಅವನ ತೊಡೆಗೆ ಕೋಲಿನಿಂದ ತಿವಿಯುತ್ತಿದ್ದ. ಇದು ಅವರ ಎರಡನೆಯ ಮಧ್ಯಾಹ್ನ.

"ಬಂದಿ ಏನವ್ವಾ?" ಎಂದು ದೌಲತರಾಯ ತಾಳ ಬಿಡದೆಯೇ ಕೇಳಿದ. 'ಬೇ' ಹೋಗಿ 'ಅವ್ವಾ' ಬಂದಿತ್ತು. "ಆತೇನು? ಜಲ್ದಿ ಹಚ್ಚವ್ವಾ ತಾಯಿ!"

"ಇವತ್ತ ಹಚ್ಚಂಗಿಲ್ರಿ. ಮೊದಲ ನೋಡಬೇಕು."

"ಇನ್ನೇನ ನೋಡ್ತಿ?"

"ಮೊದಲ ನೋಡದ ಹಚ್ಚಿದ್ದಕ್ಕ ನೀವಿಲ್ಲಿ ಕುಂತೀರಿ."

ಅವಳು ಬೇವಿನ ಬುಡದಲ್ಲಿ ಯಾಸೀನನನ್ನು ಕೂರಿಸಿ ಐದೂ ಸಂದುಗಳನ್ನು ಒಂದೊಂದಾಗಿ ಓಡಿಸಿದಳು. ಅಂಗೈ ಡಬ್ಬಿಯ ಮೇಲೇ ಇತ್ತು. ಅವನು ಅವಳ ಮುಖ ನೋಡುತ್ತ ಕಾಯುತ್ತಿದ್ದ, ಬೆರಳು ಏಳಲಿಲ್ಲ. ಐದೂ ಮುಗಿದವೆಂದು ಅವಳು ಕೈಸನ್ನೆ ಮಾಡಿದಾಗ ಅವನು ನಂಬದೆ ಇನ್ನೊಂದು ಸಲ ಹಚ್ಚಿಸಿದ. ಆಮೇಲೆ ಡಬ್ಬಿಗೆ ಎರಡು ಸಲ ತಟ್ಟಿದ, ಎತ್ತಿಗೆ ತಟ್ಟುವ ಹಾಗೆ.

ಮರುದಿನ ಶನಿವಾರ. ಹನ್ನೆರಡಕ್ಕೆ ದೌಲತರಾಯನ ಮನೆಯವರೂ ಬಂದು ಅಂಗಳದಲ್ಲಿ ಕೂತರು. ಭಕ್ತಿಗೆ ಬಂದವರಲ್ಲ, ಡಬ್ಬಿ ಮತ್ತೆ ಜಾರಿದರೆ ತಮ್ಮ ಗತಿ ಏನೆಂದು ನೋಡಲು ಬಂದವರು. ರೇವಣಪ್ಪನ ಏಟು ಎಣಿಸಿ ಶರೀಫಾಬಿ ಗುಂಡಿ ಒತ್ತಿದಳು. ಮುದುಕ ಕೈ ತೆಗೆದ, ಆದರೆ ತಾಳವನ್ನು ಎರಡೂ ಕೈಯಲ್ಲಿ ಎದೆಯ ಹತ್ತಿರ ಎತ್ತಿ ಹಿಡಿದೇ ಕೂತ.

ಅರ್ಧ ತಾಸಾಯಿತು. ಹೆಂಗಸರು ಹಾಡುತ್ತಲೇ ಇದ್ದರು. ತಾಳ ಬೀಳುತ್ತಲೇ ಇತ್ತು. ಮುದುಕನ ಕೈ ಅಲ್ಲಾಡಲಿಲ್ಲ. ಒಂದು ತಾಸು. ಒಂದೂವರೆ. ಎರಡು ತಾಸು ಆಗುವ ಹೊತ್ತಿಗೆ ಎತ್ತಿ ಹಿಡಿದ ಅವನ ತೋಳುಗಳು ನಡುಗತೊಡಗಿದ್ದವು. ಎರಡೂವರೆಗೆ, ಕೊನೆಯ ಸಂದು ದಾಟಿದ ಮೇಲೆ, ಅವನು ಶರೀಫಾಬಿಯ ಕಡೆ ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು. ಅವನು ತಾಳವನ್ನು ತೊಡೆಯ ಮೇಲೆ ಇಳಿಸಿದ.

ಮೂರಕ್ಕೆ ಪಹರೆ ಬದಲಿ. ಮುದುಕನ ಏಟು ಡಬ್ಬಿಯ ಏಟಿನ ಮೇಲೆ ಕೂತಿತು. ಅವಳು ಗುಂಡಿ ಮೆಲ್ಲಗೆ ಇಳಿಸಿದಳು. ಮುಂದಿನವರು ಬಂದು ಕೂತು ತಾಳ ಕೂಡಿಸಿದ ಮೇಲೆ ಅವನು ಹೊರಗೆ ಬಂದು ಕಟ್ಟೆಗೆ ಒರಗಿದ.

"ಎಲ್ಲಿ ಹೊಲಿಗಿ ಹಾಕೀದಿ ತೋರಸಬೇ."

"ತೋರಸಂಗಿಲ್ಲ ಮುತ್ಯಾ. ತೋರಿಸಿದ್ರ ಅಲ್ಲೇ ಕಿವಿ ಹಚ್ಚಿ ಕೂಡ್ತಿ, ಇಲ್ಲದ್ದೂ ಕೇಳಸ್ತಾದ."

"ಅದೂ ಖರೇನ," ಎಂದ ಮುದುಕ. "ಆದ್ರ ಮೂರ ತಾಸಿನ್ಯಾಗ ಒಬ್ಬಾಕಿನೂ ನೀರ ಕೇಳಲಿಲ್ಲ ನೋಡು. ಹಂಗ್ಯಾವ ಹೆಂಗಸ್ರು ಇದ್ದಾರ ನಮ್ಮ ಓಣ್ಯಾಗ?"

ಕಾಯಿ ಮಳೆಗೆ ಮೊದಲೇ ಮನೆ ಸೇರಿತು. ಭಜನೆ ಏಳು ದಿನದ ಬದಲು ಹತ್ತು ದಿನಕ್ಕೆ, ಬುಧವಾರ ಸಂಜೆ ಮುಗಿಯಿತು. ಯಾಸೀನ ಡಬ್ಬಿಗಳನ್ನು ಟಂಟಂಗೆ ಏರಿಸಿ ಹಗ್ಗ ಬಿಗಿಯುತ್ತಿದ್ದಾಗ ದೌಲತರಾಯ ಕೈ ಬೀಸುತ್ತ ಬಂದ. ಅಂಗೈಯ ಬೊಕ್ಕೆ ಇನ್ನೂ ಮಾಗಿರಲಿಲ್ಲ.

"ಶರೀಫಾ, ಆ ಕಾರ್ಡ ಇಲ್ಲೇ ಗುಡ್ಯಾಗ ಇಟ್ಟು ಹೋಗು. ದೇವರ ಸೇವಾ ಅಂತ ತಿಳ್ಕೊ. ಒಂದ ಸಣ್ಣ ಡಬ್ಬಿ ನಾನ ತರಸ್ತೇನಿ. ಮುಂದಿನ ವರ್ಷ ಮಧ್ಯಾಹ್ನದ ಪಹರೀನೂ ಅದ ಮಾಡ್ಲಿ, ರಾತ್ರೀದೂ ಅದ ಮಾಡ್ಲಿ. ಯಾರಿಗೂ ತ್ರಾಸ ಇಲ್ಲ."

ಶರೀಫಾಬಿ ಗಾಡಿಯ ಸೀಟಿನ ಮೇಲೆ ಕೂತಿದ್ದಳು. ಕಾರ್ಡು ಅವಳು ತೊಟ್ಟ ಗಂಡನ ಅಂಗಿಯ ಕಿಸೆಯಲ್ಲಿತ್ತು. ಕಟ್ಟೆಯ ಮೇಲೆ ರೇವಣಪ್ಪ ಇದ್ದ, ಹಣಮವ್ವ ಇದ್ದಳು. ಇಬ್ಬರೂ ಅವಳು ಏನನ್ನುತ್ತಾಳೆಂದು ನೋಡುತ್ತಿದ್ದರು.

"ಮೊದಲಿನ ಕಾರ್ಡ ಕೇಳಿದ್ರ ಕೊಡ್ತಿದ್ದೆ ಧಣೇರ," ಎಂದಳು. "ಅದು ಅರ್ಧ ತಾಸಿಗಿ ನಿಲ್ತಿತ್ತು, ಮನುಷ್ಯಾರ ಕೈ ಬೇಡ್ತಿತ್ತು. ಇದು ಎಲ್ಲೂ ನಿಲ್ಲಂಗಿಲ್ಲ. ಅದಕ್ಕ ಒಯ್ಯಾಕತ್ತೇನಿ."

"ಅಂದ್ರ?"

"ಅಂದ್ರ ಮುಂದಿನ ಶ್ರಾವಣಕ್ಕ ಕರೀರಿ. ನಾನೂ ಬರ್ತೇನಿ, ಇದೂ ಬರ್ತಾದ. ಕಾಯಿ ಹರಿಯೋ ನಾಕ ಮಧ್ಯಾಹ್ನ ಹಾಡ್ತಾದ. ಉಳಿದದ್ದ ನೀವು ಹಾಡ್ರಿ."

ದೌಲತರಾಯ ತನ್ನ ಅಂಗೈಯ ಬೊಕ್ಕೆ ನೋಡಿಕೊಂಡ. ಕಟ್ಟೆಯ ಮೇಲಿಂದ ರೇವಣಪ್ಪ, "ಆಂಪ್ಲಿಫೈಯರ್ ಜರಾ ಗುಂಯ್ ಅಂತಾದ, ಮುಂದಿನ ಶ್ರಾವಣಕ್ಕ ದುರಸ್ತಿ ಮಾಡ್ಕೊಂಡ ಬಾ," ಎಂದು ಕೂಗಿದ. ಶರೀಫಾಬಿ ದಾರಿಗೆ ಅಡ್ಡ ನಿಂತ ಎಮ್ಮೆಯನ್ನು ಬಾಯಲ್ಲೇ ಗದರಿಸಿ ಟಂಟಂ ಎಬ್ಬಿಸಿದಳು.